ಗೋಕಾಕದಲ್ಲಿ ನನ್ನ ಪುಸ್ತಕ ಹಚ್ಚಿದರು

ನನ್ನ ಪುಸ್ತಕದ ಮೊದಲ ಸಮಾರಂಭದಲ್ಲಿ ನನಗೇ ಮಾತನಾಡಲು ಅಪ್ಪಣೆ ಇರಲಿಲ್ಲ. ಗೋಕಾಕದ ಬಸ್ ನಿಲ್ದಾಣದ ಎದುರಿನ ಪುಸ್ತಕದಂಗಡಿಯ ಕಟ್ಟೆಯ ಮೇಲೆ ಜಮಖಾನೆ ಹಾಸಿದ್ದರು. ನಡುವೆ ಪುರಾಣ ಓದುವ ಮರದ ವ್ಯಾಸಪೀಠ, ಅದರ ಮೇಲೆ ನನ್ನ ಪುಸ್ತಕ, ಪುಸ್ತಕಕ್ಕೆ ಅರಿಶಿನ ಕುಂಕುಮ. ಬರೆದವಳಿಗೆ ಜಾಗ ಎಲ್ಲಿ ಎಂದು ಹುಡುಕಿದೆ. ಕುರ್ಚಿ ಇಲ್ಲ, ಹಾರ ಇಲ್ಲ, ಅಧ್ಯಕ್ಷರಿಲ್ಲ. ಅಂಗಡಿಯ ಮಾಲೀಕರಾದ ಗುರುಸಿದ್ದಪ್ಪ ಕಾಕಾ, ಕೇಳಲು ಬಂದ ಹೆಂಗಸರ ಸಾಲಿನತ್ತ ಕೈ ತೋರಿಸಿ, "ಅಲ್ಲೆ ಕುಂದರ್ರಿ ಅಕ್ಕಾರ. ಮುಗಿಯೂತನಾ ಏನೂ ಮಾತಾಡಬ್ಯಾಡ್ರಿ," ಎಂದರು. ಅಕ್ಕಾರು ಎಂದರೆ ಇಲ್ಲಿ ಉಪಾಧ್ಯಾಯಿನಿ. ನನ್ನ ತಂದೆಯ ವಯಸ್ಸಿನವರೂ ಹಾಗೆಯೇ ಕರೆಯುತ್ತಾರೆ.

ಮೈಸೂರಿನಲ್ಲಿ ಕುಳಿತು ಇದನ್ನು ಓದುವ ನಿಮಗೆ ನಗು ಬರಬಹುದು. ನಮ್ಮಲ್ಲಿ ಹೊಸ ಪುಸ್ತಕ ಬಂತೆಂದರೆ ಒಂದು ಸಭಾಂಗಣ, ಸ್ವಾಗತ ಭಾಷಣ, ಲೇಖಕರ ಎರಡು ಮಾತು ಎಂದು ಶುರುವಾಗುವ ಇನ್ನೂರು ಮಾತು, ಕೊನೆಗೆ ಕಾಫಿ. ಇಲ್ಲಿ ಪುಸ್ತಕವನ್ನು ಬಿಡುಗಡೆ ಮಾಡುವುದಿಲ್ಲ, ಹಚ್ಚುತ್ತಾರೆ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುವ ಹಾಗೆಯೇ ಇದೂ: ಒಬ್ಬರು ಓದುತ್ತಾರೆ, ಇನ್ನೊಬ್ಬರು ಅರ್ಥ ಹೇಳುತ್ತಾರೆ, ಉಳಿದವರು ಕೇಳುತ್ತಾ ನಡುನಡುವೆ ಬಾಯಿ ಹಾಕುತ್ತಾರೆ. ಘೋಡಗೇರಿ, ಮಸಗುಪ್ಪಿ ಕಡೆಯವರು ಸಂತೆ ಮುಗಿಸಿ ಬಸ್ಸಿಗೆ ಕಾಯುವ ಸಂಜೆಯ ಹೊತ್ತಿನಲ್ಲಿ ಇದು ನಡೆಯುತ್ತದೆ. ಒಂದು ಪುಸ್ತಕಕ್ಕೆ ಎರಡು ಸಂತೆಯಾದರೂ ಬೇಕು. ಓದಿ ಮುಗಿಯುವ ತನಕ ಕಾಕಾ ಅದರ ಒಂದು ಪ್ರತಿಯನ್ನೂ ಮಾರುವುದಿಲ್ಲ. ಹಿಂದೊಮ್ಮೆ ಧಾರವಾಡದಿಂದ ಬಂದ ಕಾದಂಬರಿಕಾರರೊಬ್ಬರು ನಡುವೆ ಎದ್ದು ತಮ್ಮ ಉದ್ದೇಶವನ್ನು ವಿವರಿಸಲು ಹೋದರಂತೆ. "ಕುಂದರ್ರಿ ಸಾಹೇಬ್ರ. ನೀವು ಹೇಳೂದು ಬರದ ಮುಗಿಸೀರಿ. ಈಗ ನಮ್ಮ ಪಾಳಿ," ಎಂದು ಕಾಕಾ ಕೂರಿಸಿದರಂತೆ.

ರಾಜ್ಯ ಒಂದಾದ ಮೇಲೆ ನಮ್ಮ ಕಡೆಯ ಕೆಲವು ಉಪಾಧ್ಯಾಯರನ್ನು ಈ ಕಡೆಗೆ ಹಾಕಿದರು. ಅವರಲ್ಲಿ ನಾನೂ ಒಬ್ಬಳು. ಹೇಗೂ ಕನ್ನಡವೇ ತಾನೆ ಎಂದು ಧೈರ್ಯವಾಗಿ ರೈಲು ಹತ್ತಿದ್ದೆ. ಬಂದಿಳಿದ ದಿನ ಜಟಕಾದವನು ಕೇಳಿದ ಪ್ರಶ್ನೆ ಕನ್ನಡವೇ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಒಂಟಿ ಹೆಂಗಸಿಗೆ ಮನೆ ಕೊಡುವವರು ಯಾರೂ ಸಿಗಲಿಲ್ಲ. ಕೊನೆಗೆ ಗಂಗವ್ವ ಎಂಬುವವರು ತಮ್ಮ ಮನೆಯ ಒಂದು ಖೋಲಿಯನ್ನು, ಎಂದರೆ ಕೋಣೆಯನ್ನು, ಬಿಟ್ಟುಕೊಟ್ಟರು. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳು ಮದುವೆಯಾಗಿ ಹುಕ್ಕೇರಿಯಲ್ಲಿದ್ದಳು. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ನನ್ನ ಪೆಟ್ಟಿಗೆ ಕೆಳಗಿಳಿಸುವಷ್ಟರಲ್ಲಿ ನನ್ನ ಪಗಾರ, ಜಾತಿ, ವಯಸ್ಸು, ಇನ್ನೂ ಮದುವೆಯಾಗದ ಕಾರಣ ಎಲ್ಲವನ್ನೂ ಕೇಳಿ ತಿಳಿದುಕೊಂಡಿದ್ದರು.

ಮಾರನೆಯ ಬೆಳಿಗ್ಗೆ ಬಾಗಿಲು ತಟ್ಟದೆ ಒಳಗೆ ಬಂದು ನನ್ನ ಪಾತ್ರೆಯ ಮುಚ್ಚಳ ತೆಗೆದು ನೋಡಿದರು.

"ಬರೇ ಅನ್ನೇನ್ರಿ? ಮೈಯಾಗ ಆರಾಮಿಲ್ಲೇನು?"

ಇಲ್ಲಿ ಅನ್ನ ಎಂದರೆ ಹಬ್ಬಕ್ಕೆ, ಇಲ್ಲವೇ ಜ್ವರಕ್ಕೆ. ಅಂದಿನಿಂದ ನನ್ನ ತಟ್ಟೆಗೆ ಜೋಳದ ರೊಟ್ಟಿ ಬಂದು ಬೀಳತೊಡಗಿತು, ಜೊತೆಗೆ ಶೇಂಗಾ ಹಿಂಡಿ ಎಂಬ ಕಡಲೆಕಾಯಿ ಚಟ್ನಿಪುಡಿ ಮತ್ತು ಹುಳಿಹುಳಿಯಾದ ಪುಂಡಿ ಪಲ್ಯ. ನನಗೆ ಬೇಕೋ ಬೇಡವೋ ಎಂದು ಯಾರೂ ಕೇಳಲಿಲ್ಲ. ಮೊದಲ ವಾರ ರೊಟ್ಟಿಯನ್ನು ಅಗಿದು ಅಗಿದು ದವಡೆ ನೋವು ಬಂತು. ಎರಡನೆಯ ತಿಂಗಳಲ್ಲಿ ರಜೆಗೆಂದು ಮೈಸೂರಿಗೆ ಬಂದಾಗ ಅಮ್ಮ ಬಡಿಸಿದ ಅನ್ನ ಸಾರು ಉಂಡೂ ಹೊಟ್ಟೆ ತುಂಬಿದಂತೆ ಆಗಲಿಲ್ಲ. ಅದನ್ನು ಅಮ್ಮನಿಗೆ ಹೇಳಲಿಲ್ಲ.

ಇವೆಲ್ಲವನ್ನೂ ನಾನು ನಿಮಗಾಗಿ ಮಾಸಪತ್ರಿಕೆಯಲ್ಲಿ ಬರೆದೆ. ಇಲ್ಲಿಯವರು ಕುಶಲ ಕೇಳಿದರೂ ಜಗಳಕ್ಕೆ ಬಂದಂತೆ ಕಾಣುತ್ತದೆ ಎಂದು ಬರೆದೆ. ಗಂಗವ್ವನ ಮೇಲಂತೂ ಒಂದು ಇಡೀ ಅಧ್ಯಾಯವೇ ಆಯಿತು. ನೀವು ನಕ್ಕಿರಿ, ಇನ್ನಷ್ಟು ಬರೆಯಿರಿ ಎಂದಿರಿ. ಕೊನೆಗೆ ಅಲ್ಲಿಯ ಒಂದು ಮುದ್ರಣಾಲಯದವರು ಪುಸ್ತಕ ಮಾಡಿದರು. ಅಲ್ಲಿಯ ಪುಸ್ತಕ ಇಲ್ಲಿಗೆ ಬರುತ್ತದೆಂದು ಮಾತ್ರ ನನಗೆ ಹೊಳೆದಿರಲೇ ಇಲ್ಲ.

ಅಣ್ಣ ಕಳಿಸಿದ ಪ್ರತಿಗಳ ಗಂಟು ಬಸ್ಸಿನ ಮೇಲಿಂದ ಕಾಕಾನ ಹೊಸ ಪುಸ್ತಕಗಳ ಜೊತೆಯಲ್ಲೇ ಇಳಿಯಿತು. ಶಾಲೆ ಬಿಟ್ಟು ನಾನು ಓಡಿ ಹೋಗುವಷ್ಟರಲ್ಲಿ ಕಾಕಾ ಹುರಿ ಬಿಚ್ಚಿ, ಪಂಚಾಂಗ, ಸ್ಲೇಟು, ಮರಾಠಿ ಕಾದಂಬರಿಗಳ ನಡುವೆ ಕುಳಿತು ನನ್ನದನ್ನು ಓದುತ್ತಿದ್ದರು. ನಗುತ್ತಲೂ ಇದ್ದರು.

"ಬರೂ ಸಂತಿಗೆ ಹಚ್ಚೂನ್ರಿ ಅಕ್ಕಾರ."

"ಬೇಡಿ ಕಾಕಾ. ಇದು ಇಲ್ಲಿಯವರಿಗೆ ಬರೆದದ್ದಲ್ಲ."

"ಇಲ್ಲಿ ಮಂದಿ ಮ್ಯಾಲ ಬರದೀರಿ. ಇಲ್ಲಿ ಮಂದಿಗೆ ಅಲ್ಲಂದ್ರ ಹೆಂಗ್ರಿ?"

ನಾನು ಗಂಟನ್ನು ಅಲ್ಲೇ ಬಿಟ್ಟು ಮನೆಯತ್ತ ನಡೆದೆ.

ಸುದ್ದಿ ನನಗಿಂತ ಮೊದಲೇ ಮನೆ ತಲುಪಿತ್ತು. ಗಂಗವ್ವ ಓಣಿಯ ತುಂಬ "ನನ್ನ ಮ್ಯಾಲ ಬುಕ್ಕ ಬಂದೈತಿ" ಎಂದು ಹೇಳಿಕೊಂಡು ತಿರುಗುತ್ತಿದ್ದರು. ಸಂತೆಯ ದಿನ ಹೊಸ ಇಳಕಲ್ ಸೀರೆ ಉಟ್ಟು, ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಬಂದು ಕುಳಿತರು. ಈಕೆ ಸಿಟ್ಟಾಗಿ ಖೋಲಿ ಬಿಡು ಎಂದರೆ ಈ ಊರಿನಲ್ಲಿ ಇನ್ನೊಂದು ಮನೆ ಸಿಗುವುದಿಲ್ಲ ಎಂದು ಮುಖ್ಯೋಪಾಧ್ಯಾಯಿನಿ ಮೊದಲೇ ಹೇಳಿದ್ದರು. ಆದರೆ ಮನೆಗಿಂತ ಹೆಚ್ಚಾಗಿ, ಆ ಮುಖದ ಮೇಲಿನ ಸಂಭ್ರಮ ಆರಿಹೋಗುವುದನ್ನು ಪಕ್ಕದಲ್ಲೇ ಕುಳಿತು ನೋಡಬೇಕಲ್ಲ ಎಂದು ನನಗೆ ಭಯವಾಗಿತ್ತು.

ಮೊದಲ ಸಂತೆ ಭಾಷೆಯ ಅಧ್ಯಾಯಗಳಲ್ಲೇ ಕಳೆಯಿತು. ಕಾಕಾ ಓದಿದರು. ಅರಭಾವಿಯಿಂದ ಬಂದಿದ್ದ ಬಾಳಪ್ಪ ಮಾಸ್ತರರು ಅರ್ಥ ಹೇಳಿದರು. ಜಗಳದಂತೆ ಕಾಣುವ ಮಾತಿನ ವಿಷಯ ಬಂದಾಗ ನಾನು ತಲೆ ತಗ್ಗಿಸಿದೆ. ಮಾಸ್ತರರು ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಹೇಳಿದರು:

"ಇದರ ಅರ್ಥ ಏನಪಾ ಅಂದ್ರ, ಇವರ ಊರಾಗ ಮಂದಿ ಜಗಳಾನೂ ಪಿಸುಪಿಸು ಅಂತ ಆಡ್ತಾರ. ಹಂಗಾಗಿ ನಾವು ಬರ್ರಿ ಅಂದ್ರೂ ಇವರು ಅಂಜ್ಯಾರ. ಪಾಪ, ತಪ್ಪು ಇವರದಲ್ಲ."

ನಾನು ಬರೆದದ್ದು ಇದಲ್ಲ! ಎದ್ದು ಹೇಳೋಣವೆಂದರೆ ಮಾತನಾಡುವಂತಿಲ್ಲ. ಘೋಡಗೇರಿಯ ರೈತರೊಬ್ಬರು ಹಿಂದಿನಿಂದ, "ಪಿಸುಪಿಸು ಅಂದ್ರ ಯಾರ ಗೆದ್ರು ಅಂತ ಹೆಂಗ ಗೊತ್ತಾಗಬೇಕ್ರಿ?" ಎಂದು ಕೇಳಿದರು. ಆ ಪ್ರಶ್ನೆಯ ಮೇಲೆ ಬಹಳ ಹೊತ್ತು ಚರ್ಚೆ ನಡೆಯಿತು. ನಾನು ಇವರ ಬಗ್ಗೆ ಬರೆದ ಪುಸ್ತಕದಲ್ಲಿ ಇವರು ಮೈಸೂರನ್ನು ಓದಿಕೊಳ್ಳುತ್ತಿದ್ದರು. ಗೆದ್ದೆನೋ ಸೋತೆನೋ ತಿಳಿಯದೆ ಮನೆಗೆ ಹೋದೆ.

ಎರಡನೆಯ ಸಂತೆಗೆ ಗಂಗವ್ವನ ಅಧ್ಯಾಯ ಬಂತು. ಪಾತ್ರೆಯ ಮುಚ್ಚಳ, ಜಾತಿ, ಪಗಾರ ಎಲ್ಲವೂ ಬಂತು. ಜನ ಬಿದ್ದು ಬಿದ್ದು ನಕ್ಕರು. ಅವರೆಲ್ಲರಿಗಿಂತ ಜೋರಾಗಿ ನಕ್ಕದ್ದು ಗಂಗವ್ವನೇ. ಸಾಲದ್ದಕ್ಕೆ ಎದ್ದು ನಿಂತು, "ಇಷ್ಟ ಅಲ್ರಿ, ಇನ್ನೂ ಐತಿ! ಇವರಿಗೆ ಗಂಡ ನೋಡಾಕ ನಾ ಮುಧೋಳಕ್ಕೂ ಹೋಗಿ ಬಂದೇನಿ. ಅದನ್ನ ಬರದ ಇಲ್ಲ!" ಎಂದರು. ಮುಧೋಳದ ವಿಷಯ ನನಗೂ ಅಂದೇ ಗೊತ್ತಾದದ್ದು. ಎರಡು ವಾರ ಹೆದರಿದ್ದೆಲ್ಲ ದಂಡವಾಯಿತಲ್ಲ ಎಂದು ನಾನೂ ನಕ್ಕುಬಿಟ್ಟೆ.

ಉಳಿದದ್ದು ಕೊನೆಯ ಪುಟ. ಗಂಗವ್ವ ಯಾವಾಗೆಂದರೆ ಆವಾಗ ಒಳಗೆ ಬರುತ್ತಾರೆಂದು ಸಂಜೆಯಾದರೆ ಚಿಲಕ ಹಾಕಿಕೊಳ್ಳುವುದನ್ನು ಕಲಿತೆ ಎಂದು ಬರೆದಿದ್ದೆ. ಅದರ ಕೆಳಗೆ, ಪುಸ್ತಕದ ಕಡೆಯ ಸಾಲು. ಕಾಕಾ ಅದನ್ನು ಓದಿದರು:

"ದೀಪ ಹಚ್ಚಿ ಕುಳಿತರೆ, ಈ ಊರಿನಲ್ಲಿ ನನಗೆ ಯಾರೂ ಇಲ್ಲ."

ನಿಮ್ಮಲ್ಲಿ ಹಲವರು ಈ ಸಾಲನ್ನೇ ಎತ್ತಿ ಹೊಗಳಿದ್ದಿರಿ. ಕಣ್ಣಲ್ಲಿ ನೀರು ಬಂತೆಂದು ನನ್ನ ಅತ್ತಿಗೆ ಹೇಳಿದ್ದಳು. ಇಲ್ಲಿ ಮಾಸ್ತರರು ಅರ್ಥ ಹೇಳಲು ಬಾಯಿ ತೆರೆದವರು ಗಂಗವ್ವನ ಮುಖ ನೋಡಿ ಕನ್ನಡಕ ಒರೆಸತೊಡಗಿದರು.

"ಇನ್ನೊಮ್ಮಿ ಓದ್ರಿ ಕಾಕಾ," ಎಂದರು ಗಂಗವ್ವ.

ಕಾಕಾ ಇನ್ನೊಮ್ಮೆ ಓದಿದರು. ಗಂಗವ್ವ ಸೆರಗು ಹೊದ್ದು ಎದ್ದರು. ಯಾರನ್ನೂ ನೋಡದೆ ಕಟ್ಟೆ ಇಳಿದು ಮನೆಯ ದಾರಿ ಹಿಡಿದರು. ಕಾಕಾ ಪುಸ್ತಕ ಮುಚ್ಚಿ ನನ್ನ ಕಡೆಗೆ ತಿರುಗಿ, "ಮುಗೀತ್ರಿ ಅಕ್ಕಾರ. ಈಗ ನೀವು ಮಾತಾಡಬಹುದು," ಎಂದರು. ನಾನು ಗಂಗವ್ವ ಹೋದ ದಾರಿಯನ್ನೇ ನೋಡುತ್ತಿದ್ದೆ.

ನಾನು ಹೆದರಿದ್ದು ಒಂದಕ್ಕೆ, ಪೆಟ್ಟಾದದ್ದು ಇನ್ನೊಂದರಿಂದ. ಹಾಸ್ಯ ಮಾಡಿದ್ದನ್ನು ಆಕೆ ಸನ್ಮಾನದಂತೆ ತೆಗೆದುಕೊಂಡರು. ಅವರ ಹೆಸರೇ ಇಲ್ಲದ, ನನ್ನ ಬಗ್ಗೆ ಮಾತ್ರ ಬರೆದುಕೊಂಡ ಸಾಲು ಅವರಿಗೆ ಚುಚ್ಚಿತು. ಅದೇ ಸಾಲು ಅಲ್ಲಿ ಓದಿದರೆ ಮನ ಕರಗಿಸುತ್ತದೆ, ಇಲ್ಲಿ ಓದಿದರೆ ಉಂಡ ಮನೆಗೆ ಎರಡು ಬಗೆದ ಮಾತಾಗುತ್ತದೆ. ಯಾವುದು ಸರಿ ಎಂದು ಯೋಚಿಸಿ ಯೋಚಿಸಿ ನನ್ನ ತಲೆ ಕೆಟ್ಟುಹೋಯಿತು.

ಖೋಲಿ ಬಿಡು ಎಂದು ಗಂಗವ್ವ ಹೇಳಲಿಲ್ಲ. ರೊಟ್ಟಿಯೂ ನಿಲ್ಲಲಿಲ್ಲ. ಆದರೆ ತಟ್ಟೆ ಹೊರಗೆ, ಕಿಟಕಿಯ ಹತ್ತಿರ ಬಂದು ಕೂರುತ್ತಿತ್ತು. ಎದುರಿಗೆ ಸಿಕ್ಕರೆ, "ಊಟ ಆತ್ರಿ?" ಎಂದಷ್ಟೇ ಕೇಳಿ ಹೋಗುತ್ತಿದ್ದರು. ಪತ್ರ ಯಾರಿಂದ ಬಂತು, ಇವತ್ತು ಯಾಕೆ ತಡ, ಈ ಸೀರೆ ಎಷ್ಟು, ಒಂದು ಪ್ರಶ್ನೆಯೂ ಇಲ್ಲ. ಈ ಮರ್ಯಾದೆ ಬೇಕೆಂದು ಬಂದ ದಿನದಿಂದ ಹಂಬಲಿಸಿದ್ದವಳು ನಾನು. ಸಿಕ್ಕಿದ ಮೇಲೆ ತಟ್ಟೆಯ ರೊಟ್ಟಿ ಹಾಗೆಯೇ ಉಳಿಯತೊಡಗಿತು.

ಮುಂದಿನ ಸಂತೆಯಿಂದ ಪುಸ್ತಕ ಮಾರಾಟಕ್ಕೆ ಬರಬೇಕಿತ್ತು. ಅದಕ್ಕೆ ಮೊದಲೇ ಅಂಗಡಿಗೆ ಹೋಗಿ ಒಂದೊಂದೇ ಪ್ರತಿ ತೆಗೆದು ಆ ಕಡೆಯ ಸಾಲಿನ ಮೇಲೆ ಮಸಿಯಿಂದ ಗೀಟು ಎಳೆಯುತ್ತ ಕುಳಿತೆ. ಕಾಕಾ ತಡೆಯಲಿಲ್ಲ, ಮೆಚ್ಚಲೂ ಇಲ್ಲ. ಅರ್ಧ ಮುಗಿದಿತ್ತು. ಅಷ್ಟರಲ್ಲಿ ಗಂಗವ್ವ ಕಟ್ಟೆ ಹತ್ತಿ ಬಂದರು.

"ಕಾಕಾ, ನನಗೊಂದು ಕೊಡ್ರಿ. ಮಗಳಿಗೆ ಹುಕ್ಕೇರಿಗೆ ಕಳಸ್ತೀನಿ," ಎಂದವರು ನನ್ನ ಕೈಯನ್ನು ನೋಡಿದರು. "ಏನ ಮಾಡಾಕತ್ತೀರಿ?"

"ಆ ಸಾಲು ತೆಗೆಯುತ್ತಿದ್ದೇನೆ, ಗಂಗವ್ವ."

"ಯಾಕ? ಬರಿಯೂ ಮುಂದ ಅದು ಖರೆ ಇದ್ದಿದ್ದಿಲ್ಲೇನು?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ನಿಜವಾಗಿತ್ತು," ಎಂದೆ.

"ಮತ್ತ ಇರಲಿ ಬಿಡ್ರಿ. ಖರೆ ಇದ್ದದ್ದಕ್ಕ ಯಾಕ ಗೀಟ ಎಳೀತೀರಿ?" ಎಂದು ನನ್ನ ಎದುರು ಜಮಖಾನೆಯ ಮೇಲೆ ಕುಳಿತರು. "ನನಗ ಸಿಟ್ಟ ಬಂದದ್ದು ಅದಕ್ಕಲ್ಲ ಅಕ್ಕಾರ. ಬಾಜೂ ಖೋಲ್ಯಾಗ ನಾ ಇದ್ನಿ. ನಾನೂ ಒಬ್ಬಾಕೀನ ಕುಂತಿರತಿದ್ನಿ. ನೀವು ಚಿಲಕಾ ಹಾಕ್ಕೊಂಡಿದ್ದು ಕೇಳಸ್ತಿತ್ತು. ಓದಾಕತ್ತಾರ, ದೊಡ್ಡ ಕೆಲಸ ಇರಬೇಕು, ನಾ ಹೋಗಬಾರದು ಅಂತ ಸುಮ್ಮನಿರತಿದ್ನಿ. ಒಂದ ಸಲ 'ಗಂಗವ್ವಾ' ಅನಬೇಕಿಲ್ರಿ?"

ನಮ್ಮೂರಿನಲ್ಲಿ ಹಾಗೆ ಯಾರೂ ಕೂಗುವುದಿಲ್ಲ. ಮುಚ್ಚಿದ ಬಾಗಿಲನ್ನು ಬೇಕಾದವರು ಬಂದು ತಟ್ಟುತ್ತಾರೆ, ಒಳಗಿರುವವರು ಕಾಯುತ್ತಾರೆ. ಇಲ್ಲಿ ತೆರೆದ ಬಾಗಿಲಿಗೆ ಅಪ್ಪಣೆ ಬೇಕಿಲ್ಲ. ಮುಚ್ಚಿದ ಬಾಗಿಲನ್ನು ಯಾರೂ ಮುಟ್ಟುವುದಿಲ್ಲ. ಒಂದು ಗೋಡೆಯ ಆಚೆ ಈಚೆ ಇಬ್ಬರೂ ಎರಡು ವರ್ಷ ಹೀಗೆ ಕುಳಿತಿದ್ದೆವು. ನನಗೆ ಅಳು ಬಂತು. ಅಂಗಡಿಯಲ್ಲಿ ಜನರ ಎದುರಿಗೇ ಅತ್ತೆ. ಕಾಕಾ ಪಂಚಾಂಗಗಳನ್ನು ಸುಮ್ಮಸುಮ್ಮನೆ ಜೋಡಿಸತೊಡಗಿದರು.

ಗಂಗವ್ವ ಸೆರಗಿನಿಂದ ನನ್ನ ಮುಖ ಒರೆಸಿದರು. ಆಮೇಲೆ ಪುಸ್ತಕಗಳ ರಾಶಿಯತ್ತ ತಿರುಗಿ, "ನನಗ ಗೀಟ ಹಾಕಲಾರದ್ದು ಕೊಡ್ರಿ," ಎಂದು ತಾವೇ ಒಂದನ್ನು ಆರಿಸಿ ಕಂಕುಳಲ್ಲಿಟ್ಟುಕೊಂಡರು. ಎದ್ದು ನಿಂತು ಕೇಳಿದರು:

"ಅದು ಆವಾಗಿನ ಮಾತಾತು. ಈಗ ಹೇಳ್ರಿ. ಈಗ ಈ ಊರಾಗ ನಿಮಗ ಯಾರರ ಅದಾರೋ ಇಲ್ಲೋ?"

ಇದ್ದೀರಿ ಎನ್ನಬೇಕೆಂದುಕೊಂಡೆ. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದೇ ಕ್ಷಣದಲ್ಲಿ ಅಮ್ಮನ ಅಡುಗೆಮನೆ, ಅಣ್ಣನ ಸೈಕಲ್ಲಿನ ಗಂಟೆ, ಇದನ್ನು ಓದುವ ನೀವು, ಎಲ್ಲರೂ ಒಟ್ಟಿಗೆ ಎದುರು ಬಂದು ನಿಂತಿರಿ. ಇಲ್ಲಿ ಇದ್ದಾರೆ ಎಂದುಬಿಟ್ಟರೆ ಅಲ್ಲಿಯದೇನೋ ನನ್ನ ಕೈಬಿಟ್ಟುಹೋದೀತು ಎಂಬ ಹುಚ್ಚು ದಿಗಿಲು. ಮಾತು ಒಂದು ಗಳಿಗೆ ತಡವಾಯಿತು. ಗಂಗವ್ವ ಅದನ್ನು ನೋಡಿಬಿಟ್ಟರು.

ಸಿಟ್ಟಾಗಲಿಲ್ಲ. "ವಿಚಾರಾ ಮಾಡಿ ಹೇಳ್ರಿ, ಅವಸರ ಏನಿಲ್ಲ," ಎಂದರು. "ನಾ ಏನ್ ಎಲ್ಲೂ ಹೋಗಾಂಗಿಲ್ಲ."

ಎಂದಾದರೊಂದು ದಿನ ಹೋಗುವವಳು ನಾನೇ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.