ಪೇಪರ್ ಕಪ್ಪಿನ ಚಾ

ಕಾಸರಗೋಡಿನವನಾದ ನನಗೆ ತಿರುವನಂತಪುರದ ಕಚೇರಿಯಲ್ಲಿ ಕನ್ನಡ ಯಾವ ಕೆಲಸಕ್ಕೂ ಬಂದಿರಲಿಲ್ಲ. ಕೊಚ್ಚಿಯ ಕಾರ್ಮಿಕ ಕಚೇರಿಗೆ ವರ್ಗವಾದ ಮೇಲೆ ಒಂದು ಸಲ ಬಂತು, ಅದೂ ನನ್ನ ಮಾನ ಕಳೆಯಲಿಕ್ಕೆ.

ಕಳಮಶ್ಶೇರಿಯ ಒಂದು ಕಾರ್ಖಾನೆಯಲ್ಲಿ ಖಾಯಂ ನೌಕರರು ಕ್ಯಾಂಟೀನಿನ ಬೆಂಚಿನಲ್ಲಿ ಕೂತು ಉಣ್ಣುತ್ತಿದ್ದರು. ಹೊರರಾಜ್ಯದ ಗುತ್ತಿಗೆಯವರಿಗೆ ಹಿಂದಿನ ಶೆಡ್ಡು, ಬರಿ ನೆಲ. ರಾಯಚೂರು ಕಡೆಯವನೊಬ್ಬ, ಶೆಡ್ಡು ಸೋರುತ್ತದೆಂದು, ಒಂದು ಮಧ್ಯಾಹ್ನ ತಟ್ಟೆ ಹಿಡಿದು ಒಳಗೆ ಬಂದು ಬೆಂಚಿನಲ್ಲಿ ಕೂತ. ಮರುದಿನ ಗೇಟಿನಲ್ಲೇ ತಡೆದು ಅವನಿಗೆ ಕೆಲಸವಿಲ್ಲ ಎಂದರು. ದಿನಾ ಗೇಟಿನೆದುರು ಘೋಷಣೆ ಕೂಗುವ ಯೂನಿಯನ್ನಿನವರು ಈ ವಿಷಯಕ್ಕೆ ಮಾತ್ರ ಬಾಯಿ ಬಿಡಲಿಲ್ಲ.

ಅವನ ದೂರು ನಮ್ಮ ಕಚೇರಿಗೆ ಬಂತು. ಅಲ್ಲಿ ನಡೆದ ರಾಜಿ ಮಾತುಕತೆಯಲ್ಲಿ ಅವನ ಮಾತನ್ನು ಮಲಯಾಳಕ್ಕೆ ತರುವವನು ನಾನು. ಅವನು ಹೆಚ್ಚು ಮಾತಾಡುವವನಲ್ಲ. ಕೆಲಸ ಬೇಕು ಎನ್ನುವುದು ಬಿಟ್ಟರೆ ಬೇರೆ ಹೇಳುತ್ತಿರಲಿಲ್ಲ. ಕಾರ್ಖಾನೆಯ ಮ್ಯಾನೇಜರೋ ತಣ್ಣಗೆ ಹೇಳಿದರು, ಭೇದವೇನೂ ಇಲ್ಲ, ಎಲ್ಲ ಅನುಕೂಲಕ್ಕೆ ಮಾಡಿದ ಏರ್ಪಾಡು ಎಂದು. ನನಗೆ ಮೈಯೆಲ್ಲ ಉರಿಯಿತು.

ಮಾತುಕತೆಯ ನಡುವೆ ಎರಡೂ ಕಡೆಯವರಿಗೆ ಚಾ ಕೊಡುವುದು ನಮ್ಮಲ್ಲಿನ ಪದ್ಧತಿ. ಜವಾನ ರಜೆಯಲ್ಲಿದ್ದ, ನಾನೇ ಹಂಚಿದೆ. ಮಾತುಕತೆ ನಡೆಸುತ್ತಿದ್ದ ನಮ್ಮ ಅಧಿಕಾರಿ ಮೇಡಂಗೆ, ಮ್ಯಾನೇಜರಿಗೆ, ಯೂನಿಯನ್ನಿನವರಿಗೆ ಗಾಜಿನ ಗ್ಲಾಸು. ಅವನಿಗೆ ಪೇಪರ್ ಕಪ್ಪು. ತಟ್ಟೆಯಲ್ಲಿ ಇನ್ನೂ ಎರಡು ಗ್ಲಾಸು ಇದ್ದವು. ಗೊತ್ತಿಲ್ಲದೆ ಆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನನ್ನ ಕೈಗೆ ಗೊತ್ತಿತ್ತು. ದೀಪದ ಬುಡದಲ್ಲೇ ಕತ್ತಲೆ.

ಅವನು ಕಪ್ಪನ್ನು ತಿರುಗಿಸಿ ನೋಡಿ, ಸಿಟ್ಟಿಲ್ಲದೆ ಕೇಳಿದ: "ಇಲ್ಲೀನೂ ನಮ್ಗ ಬ್ಯಾರೇನಾ, ಸಾಹೇಬ್ರ?"

ಏನಂತೆ ಎಂದು ಮೇಡಂ ಕೇಳಿದರು. ಆ ಕೋಣೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಚಾ ಚೆನ್ನಾಗಿದೆಯಂತೆ ಎಂದಿದ್ದರೆ ನಾನು ಬಚಾವು. ಆ ಮಾತು ನಾಲಗೆಯ ತುದಿಗೆ ಬಂದೂ ಇತ್ತು. ಆದರೆ ಆ ಶೆಡ್ಡು ಭೇದವೇ ಎಂದು ಅವನು ಹೇಳಿದ್ದು ಇದೊಂದೇ ಮಾತಿನಲ್ಲಿ. ಅದನ್ನು ನುಂಗಿದರೆ ಅವನ ಕೆಲಸವನ್ನೇ ನುಂಗಿದ ಹಾಗೆ. ತಲೆ ತಗ್ಗಿಸಿ, ಒಂದಕ್ಷರ ಬಿಡದೆ ಮಲಯಾಳದಲ್ಲಿ ಹೇಳಿದೆ.

ಮೇಡಂ ನನ್ನನ್ನೇ ನೋಡುತ್ತ ಕೇಳಿದರು, "ಇದೂ ಅನುಕೂಲಕ್ಕೆ ಮಾಡಿದ ಏರ್ಪಾಡೋ?" ಮ್ಯಾನೇಜರು ಕೈಯಲ್ಲಿದ್ದ ಗ್ಲಾಸನ್ನು ಕೆಳಗಿಟ್ಟರು.

ರಾಜಿಯಾಗಿ, ಮುಂದಿನ ವಾರ ಅವನು ಕೆಲಸಕ್ಕೆ ಮರಳಿದ, ಬೆಂಚಿನಲ್ಲೇ ಉಂಡ. ಅವನು ಕೇಳಿದ ಪ್ರಶ್ನೆ ಕಡತದಲ್ಲಿದೆ. ಅದರ ಕೆಳಗೆ, ಭಾಷಾಂತರ ಮಾಡಿದವನೆಂದು ನನ್ನ ಸಹಿ ಇದೆ. ಆ ಕಪ್ಪು ಕೊಟ್ಟವನೂ ನಾನೇ ಎಂದು ಅಲ್ಲಿ ಬರೆದಿಲ್ಲ.