ಸಾಂತಪ್ಪನ ಕೆನ್ನೆ

ಕೊಡ್ಲಿಪೇಟೆಯ ದೊಡ್ಡಿಯೂ ಅವಳ ತಮ್ಮ ಸಾಂತಪ್ಪನೂ ಅವಳಿ. ಚಿಕ್ಕಂದಿನಲ್ಲಿ ಇಬ್ಬರದೂ ಒಂದೇ ಮುಖ. ಉಟ್ಟ ಬಟ್ಟೆ ನೋಡಿ ಹೆಣ್ಣು ಯಾವುದು, ಗಂಡು ಯಾವುದು ಎಂದು ಹೇಳಬೇಕಿತ್ತು. ಮೊದಲ ಜರ್ಮನ್ ಯುದ್ಧದ ಕಾಲಕ್ಕೆ ಸಾಂತಪ್ಪ ಪಲ್ಟನ್ನಿನ ಮೂಟೆ ಹೊರಲು ಕಡಲಾಚೆಯ ಬಸ್ರಾಕ್ಕೆ ಹೋದ. ಮೀಸೆ ಸರಿಯಾಗಿ ಬಲಿಯುವ ಮೊದಲೇ ಅಲ್ಲೇ ತೀರಿಕೊಂಡ. ದೊಡ್ಡಿಯ ಗಂಡ ಊರಿನ ಚಳಿಜ್ವರಕ್ಕೆ ಹೋದ. ಮಕ್ಕಳಾಗಲಿಲ್ಲ. ಹಗಲೆಲ್ಲ ಎಸ್ಟೇಟಿನಲ್ಲಿ ಕಾಫಿ ಕೊಯ್ದು ಬಂದು ಸಂಜೆ ಒಲೆಯ ಹೊಗೆಯ ಜೊತೆ ಜಗಳವಾಡುವಳು. ಜಗಳಕ್ಕಾದರೂ ಇನ್ಯಾರಿದ್ದರು?

ಎರಡನೆಯ ಯುದ್ಧವೂ ಬಂತು. ಆ ವರ್ಷ ಹಿರಿಯರಿಗೆ ಎಡೆ ಇಡುತ್ತ ಅವಳು ಸಾಂತಪ್ಪನ ಹೆಸರು ಹೇಳಿದಳು. ತಮ್ಮನ ಮುಖ ನೆನಪಿಗೆ ಬರಲೊಲ್ಲದು! ಫೋಟೋ ಎಂಬುದನ್ನು ಅವನು ಕಂಡವನೇ ಅಲ್ಲ. ದೊಡ್ಡಿ ನೆಟ್ಟಗೆ ಕುಂಬಾರ ಜವರಪ್ಪನ ಮುಂದೆ ಹೋಗಿ ಕೂತಳು.

"ನನ್ ಮುಖ ನೋಡ್ಕಂಡು ನಮ್ ಸಾಂತನ್ ಮುಖ ಮಾಡ್ಕೊಡು ಜವರಣ್ಣ."

ಜವರಪ್ಪ ಜೀವಮಾನವೆಲ್ಲ ಗೌರಿಹಬ್ಬಕ್ಕೆ ಗೌರಿಯ ಮುಖ ಮಾಡಿದವನು. ಕೈ ಮಾತು ಕೇಳಬೇಕಲ್ಲ! ದೊಡ್ಡಿಯ ಬತ್ತಿದ ಕೆನ್ನೆಗೆ ಪ್ರಾಯ ತುಂಬಲು ಹೋಗಿ ಧಾರಾಳವಾಗಿ ಮಣ್ಣು ಮೆತ್ತಿದ.

"ಇದು ಗೌರಮ್ಮ ಕಣಣ್ಣ, ಮೂಗ್ತಿ ಒಂದು ಇಟ್ರೆ ಆಯ್ತು," ಎಂದು ದೊಡ್ಡಿ ನಕ್ಕಳು. ನಕ್ಕು ಎಷ್ಟು ಕಾಲವಾಗಿತ್ತೋ.

"ಹೆಣ್ಣಿಗೆ ಕೆನ್ನೇಲಿ ಮಾಂಸ, ಗಂಡಿಗೆ ಹುಬ್ಬು, ತುಟಿ, ಗದ್ದದಲ್ಲಿ. ಮರ್ತೇಬಿಟ್ಟೆ ನೋಡು!"

ಜವರಪ್ಪ ಕೆನ್ನೆಯ ಮಣ್ಣನ್ನು ಕೆರೆದು ಹುಬ್ಬಿಗೂ ಮೇಲ್ದುಟಿಗೂ ಗದ್ದಕ್ಕೂ ಹಾಕಿದ. ಕೈ ತೆಗೆದಾಗ ಸಾಂತಪ್ಪ ಅಲ್ಲಿದ್ದ. ದೊಡ್ಡಿ ಗೊಳೋ ಎಂದು ಅತ್ತಳು. ಅತ್ತು ಮುಗಿದ ಮೇಲೆ ಬಹಳ ಹೊತ್ತು ನೋಡಿದಳು. ನೋಡುತ್ತ ನೋಡುತ್ತ ಅವಳಿಗೆ ಸಂಕಟವಾಯಿತು. ಜೊತೆಯಲ್ಲಿ ಹುಟ್ಟಿದವನು ಮಗನ ಹಾಗೆ ಕೂತಿದ್ದಾನೆ. ದಾರಿಯಲ್ಲಿ ಎದುರಾದರೆ ಈ ಹುಡುಗ ತನ್ನನ್ನು ಯಾವುದೋ ಮುದುಕಿ ಎಂದು ದಾಟಿ ಹೋಗುತ್ತಾನೆ, ಅಷ್ಟೆ.

"ಕೆನ್ನೆ ಇನ್ನೂ ತೆಗಿ ಅಣ್ಣ."

"ಯಾಕೆ ದೊಡ್ಡಿ, ಸಾಂತನ ಹಂಗೇ ಐತಲ್ಲ?"

"ಹಂಗೇ ಐತೆ. ತೆಗಿ. ಕಣ್ಣಿನ ಕೆಳಗೂ ತೆಗಿ. ನಾನೊಬ್ಳೇ ಮುದುಕಿ ಆಗಿ ಸಾಕಾಗೈತೆ. ಅವ್ನೂ ಆಗ್ಲಿ."

ಜವರಪ್ಪನಿಗೆ ಕೈ ಬರಲಿಲ್ಲ. ದೊಡ್ಡಿಯೇ ಹತ್ತಿರ ಸರಿದು, ತಮ್ಮನ ಕೆನ್ನೆಯ ಹಸಿ ಮಣ್ಣನ್ನು ಹೆಬ್ಬೆರಳಿನಿಂದ ಮೆಲ್ಲಗೆ ಸವರಿ ಸವರಿ ತೆಗೆದಳು.