ಕಾರಿನ ಕೆಳಗೆ ಹಾಸಿದ ಪೇಪರು

ಚಳಿಗಾಲದ ಬೆಳಗ್ಗೆ ನಮ್ಮ ಮನೆಯ ಕೊಬ್ಬರಿ ಎಣ್ಣೆಯ ಬಾಟಲಿ ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ. ಅದನ್ನು ಹಿತ್ತಲಿನ ಕಾಂಪೌಂಡಿನ ಮೇಲೆ ಬಿಸಿಲು ಬೀಳುವ ಕಡೆ ಇಟ್ಟು, ಅಂಚಿನಿಂದ ಕರಗುವುದನ್ನು ನೋಡುತ್ತ ನಿಲ್ಲುತ್ತೇನೆ. ಇವತ್ತು ಹಾಗೆ ನಿಂತಿದ್ದಾಗ ಪಕ್ಕದ ಮನೆಯವರು ಕ್ಯಾನಿನಿಂದ ಸ್ಕೂಟರಿಗೆ ಪೆಟ್ರೋಲು ಸುರಿಯುತ್ತಿದ್ದರು. ಎರಡು ವಾಸನೆಗಳೂ ಒಟ್ಟಿಗೆ ಬಂದವು. ಅರಸೀಕೆರೆಯ ಅಕ್ಕ ನೆನಪಾದರು.

ನೆನಪಾದರು ಎಂದು ಬರೆದೆ. ನಿಜವಾಗಿ ಮೊದಲು ಕಣ್ಣಿಗೆ ಬಂದದ್ದು ಅವರ ಮುಖವಲ್ಲ, ಕಾರಿನ ಅಡಿಯಿಂದ ಹೊರಗೆ ಚಾಚಿದ ಒಂದು ಕೈ. ಮುಖವನ್ನು ನಾನು ಆಮೇಲೆ ಜೋಡಿಸಿಕೊಳ್ಳುತ್ತೇನೆ. ಅದರಲ್ಲಿ ಅವರದೆಷ್ಟು, ಆಮೇಲೆ ಕಂಡ ಬೇರೆ ಯಾರದೋ ಎಷ್ಟು, ಹೇಳಲಾರೆ.

ತೊಂಬತ್ತರ ದಶಕದ ಕೊನೆಯ ಭಾಗ. ಅರಸೀಕೆರೆಯ ಕಾಲೇಜೊಂದರಲ್ಲಿ ಚರಿತ್ರೆ ಪಾಠ ಮಾಡುವ ಕೆಲಸ ಸಿಕ್ಕಿತ್ತು. ಊರಿನಲ್ಲಿ ಒಬ್ಬರ ಪರಿಚಯವೂ ಇರಲಿಲ್ಲ. ಜಂಕ್ಷನ್ ಊರು. ರೈಲಿನಿಂದ ಇಳಿದವರು ಇನ್ನೊಂದು ರೈಲು ಹತ್ತಿ ಹೋಗಿಬಿಡುತ್ತಿದ್ದರು, ನಾನು ಮಾತ್ರ ಇಳಿದಲ್ಲೇ ಉಳಿದುಕೊಂಡಿದ್ದೇನೆ ಅನ್ನಿಸುತ್ತಿತ್ತು. ಕೆಲವು ಭಾನುವಾರಗಳಲ್ಲಿ ನನ್ನ ದನಿಯನ್ನು ನಾನೇ ಕೇಳದೆ ಸಂಜೆಯಾಗುತ್ತಿತ್ತು. ಮನೆ ಎರಡು ಪೋರ್ಷನ್ನಿನದು. ಒಂದರಲ್ಲಿ ನಾನು. ಇನ್ನೊಂದರಲ್ಲಿ ರೈಲ್ವೆ ಬುಕಿಂಗ್ ಕೌಂಟರಿನಲ್ಲಿ ಕೆಲಸ ಮಾಡುವ, ಮದುವೆಯಾಗದ ತಮ್ಮ ಮತ್ತು ಅವರ ಅಕ್ಕ. ಅಂಗಳದ ತುಂಬ, ತೆಂಗಿನ ಗರಿಯ ಚಪ್ಪರದ ಕೆಳಗೆ, ಒಂದು ಉದ್ದನೆಯ ಹಳೆಯ ವಿದೇಶಿ ಕಾರು. ಬೇಲೂರಿನ ಕಡೆಯ ಯಾವುದೋ ಕಾಫಿ ಎಸ್ಟೇಟಿನ ಸಾಹುಕಾರರು ಒಂದು ಕಾಲಕ್ಕೆ ಓಡಾಡಿದ್ದ ಕಾರು. ಬೀದಿಯವರು ಅದನ್ನು ಹಡಗು ಎನ್ನುತ್ತಿದ್ದರು.

ಮನೆ ಸೇರಿದ ಮೊದಲ ವಾರವೇ ಇರಬೇಕು. ಕಾರಿನ ಅಡಿಯಿಂದ ಆ ಕೈ ಹೊರಬಂದು ಬೆರಳು ಆಡಿಸಿತು.

"ಹದಿನಾಲ್ಕರದ್ದು ಸ್ಪ್ಯಾನರ್ ಕೊಡಿ."

"ಯಾವುದು ಹದಿನಾಲ್ಕರದ್ದು?"

"ಅದ್ರ ಮೇಲೇ ಬರ್ದೈತೆ ಕಣ್ರೀ. ಕಾಲೇಜಿನವರಂತೆ, ಓದೋಕೆ ಬತ್ತದೆ ತಾನೆ?"

ಸ್ಪ್ಯಾನರ್ ಕೊಟ್ಟೆ. ಸ್ವಲ್ಪ ಹೊತ್ತಿಗೆ ಅಕ್ಕ ಹೊರಗೆ ಜಾರಿ ಬಂದರು. ಕೆಳಗೆ ನಾಲ್ಕು ಬೇರಿಂಗ್ ಚಕ್ರ ಹಾಕಿದ ಮಣೆಯಂಥ ಹಲಗೆಯ ಮೇಲೆ ಮಲಗಿದ್ದರು. ಎದ್ದು ಕೂತರು, ನಿಲ್ಲಲಿಲ್ಲ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡೂ ಕಾಲು ಬತ್ತಿಹೋಗಿದ್ದವು. ಅಡುಗೆಮನೆಗೆ, ಹಿತ್ತಲಿಗೆ, ಕಾರಿನ ಅಡಿಗೆ, ಎಲ್ಲಕ್ಕೂ ಅದೇ ಹಲಗೆ, ಅವೇ ಎರಡು ಕೈ. "ನೀವೆಲ್ಲ ಕಾರನ್ನ ಮೇಲಿಂದ ನೋಡ್ತೀರ. ನಂಗೆ ಮೊದ್ಲು ಕಾಣ್ಸಿದ್ದೇ ಅದರ ಹೊಟ್ಟೆ" ಎಂದು ಒಮ್ಮೆ ನಕ್ಕಿದ್ದರು.

ಬ್ಲೌಸ್ ಹೊಲಿದು ಕೂಡಿಟ್ಟ ಹಣದಲ್ಲಿ ಅವರೇ ಆ ಕಾರನ್ನು ಗುಜರಿಯ ಬೆಲೆಗೆ ಕೊಂಡಿದ್ದರು. ಅಂಥ ದೊಡ್ಡ ಕಾರೇ ಯಾಕೆ ಎಂದು ನಾನೂ ಕೇಳಿದ್ದೆ. ಅದಕ್ಕೆ ಕ್ಲಚ್ ಇರಲಿಲ್ಲ, ಗೇರು ತಾನಾಗಿಯೇ ಬೀಳುತ್ತಿತ್ತು. ಆಗ ನಮ್ಮ ಕಡೆ ಅಂಥ ಕಾರು ಅಪರೂಪ, ಯಾವ ಮೆಕ್ಯಾನಿಕ್ಕೂ ಅದನ್ನು ಮುಟ್ಟಲು ಒಪ್ಪದೆ ಅದು ಎಸ್ಟೇಟಿನ ಶೆಡ್ಡಿನಲ್ಲಿ ಕೊಳೆಯುತ್ತಿತ್ತಂತೆ. ಕ್ಲಚ್ ಇಲ್ಲವೆಂದರೆ ಕಾಲಿಗೆ ಉಳಿಯುವುದು ಎರಡೇ ಕೆಲಸ, ಬ್ರೇಕು ಮತ್ತು ಆಕ್ಸಿಲರೇಟರು. ಆ ಎರಡನ್ನೂ ಕೈಗೆ ತಂದುಕೊಂಡರೆ ತಾನೇ ಓಡಿಸಬಹುದು. ಅಕ್ಕನಿಗೆ ಬೇಕಾಗಿದ್ದದ್ದು ಅಷ್ಟು.

ಅವರು ಎಲ್ಲ ಬಲ್ಲವರೇನಲ್ಲ. ಬಿಚ್ಚಿದ್ದನ್ನು ಮತ್ತೆ ಜೋಡಿಸುವಾಗ ಒಂದೆರಡು ನಟ್ಟು ಉಳಿದೇ ಉಳಿಯುತ್ತಿದ್ದವು. ಅವನ್ನು ಗುಂಡಿಯ ಡಬ್ಬಿಯಲ್ಲಿ ಹಾಕಿ, "ಕಂಪನಿಯೋರು ಜಾಸ್ತಿ ಹಾಕವ್ರೆ" ಎನ್ನುತ್ತಿದ್ದರು. ರೇಡಿಯೇಟರ್ ಸೋರಿದರೆ ಅರಿಶಿನದ ಪುಡಿ ಸುರಿಯುತ್ತಿದ್ದರು. ಹರಿದ ಚರ್ಮದ ಸೀಟಿಗೆ ರೆಕ್ಸಿನ್ ಕೊಟ್ಟು, ದಬ್ಬಳದಿಂದ ತಾವೇ ಹೊಲಿದರು. ಚಪ್ಪರದ ಪಕ್ಕದ ಮರದಿಂದ ಕಾಯಿ ಉದುರಿ ಬಾನೆಟ್ಟಿಗೆ ಗುಂಡಿ ಬಿದ್ದ ಮೇಲೆ ಮರ ಹತ್ತುವವರನ್ನು ಕರೆಸಿ ಗೊನೆಗಳನ್ನೆಲ್ಲ ಇಳಿಸಿದರು. ಬ್ಲೌಸಿಗೆ ಬಂದವರು ಚುಡಾಯಿಸುತ್ತಿದ್ದರು.

"ಏನಕ್ಕ, ನನ್ ಬ್ಲೌಸಿಗೆ ಗ್ರೀಸ್ ಆಗಿಲ್ಲ ತಾನೆ?"

"ಆಗಿದ್ರೆ ಒಳ್ಳೇದೇ ಕಣೇ, ತೋಳು ಸಲೀಸಾಗಿ ಆಡ್ತದೆ."

ಪ್ರತಿ ಸಂಜೆ ಕಾರಿನ ಕೆಳಗೆ ಹಳೆಯ ದಿನಪತ್ರಿಕೆ ಹಾಸುತ್ತಿದ್ದರು. ಬೆಳಗ್ಗೆ ಅದನ್ನು ಎಳೆದು ನೋಡುತ್ತಿದ್ದರು. ಕಪ್ಪು ಕಲೆ ಇದ್ದರೆ ಇಂಜಿನ್ನಿನ ಎಣ್ಣೆ ತೊಟ್ಟಿಕ್ಕಿದೆ. ಕುಂಕುಮದ ನೀರಿನಂಥ ಕೆಂಪಿದ್ದರೆ ಗೇರ್ ಬಾಕ್ಸಿನದು, ಅದರ ಎಣ್ಣೆಯನ್ನು ಬೆಂಗಳೂರಿನಿಂದ ತರಿಸಬೇಕಿತ್ತು. ಕಾಲೇಜಿಗೆ ಹೊರಡುವಾಗ ಬಾಗಿಲಿಗೆ ಬೀಗ ಹಾಕುತ್ತ ನಾನು ಕೇಳುತ್ತಿದ್ದೆ, "ಇವತ್ತಿನ ಪೇಪರಿನಲ್ಲಿ ಏನಿದೆ ಅಕ್ಕ?"

"ಕೆಂಪು ಸುದ್ದಿ ಕಣೇ, ಮೊದಲನೇ ಪುಟದಾಗೆ."

ನಾವು 'ನೀವು'ನಿಂದ 'ಕಣೇ'ಗೆ ಯಾವಾಗ ಬಂದೆವು... ದಿನಚರಿಯಲ್ಲಿ ಹುಡುಕಿದೆ, ಇಲ್ಲ. ಆ ದಿನಗಳ ದಿನಚರಿಯ ತುಂಬ ನಾನು ಓದಿದ ಪುಸ್ತಕಗಳ ಟಿಪ್ಪಣಿ. ಸಂಜೆಯೆಲ್ಲ ಟಾರ್ಚು ಹಿಡಿದು ಆ ಅಂಗಳದಲ್ಲಿ ಕುಕ್ಕುರುಗಾಲಿನಲ್ಲಿ ಕೂತಿದ್ದವಳು ರಾತ್ರಿ ಅದನ್ನು ಬಿಟ್ಟು ಮಿಕ್ಕದ್ದನ್ನೆಲ್ಲ ಬರೆದಿದ್ದೇನೆ.

ಕೈಯ ಹಿಡಿಯನ್ನು ಬೀದಿಯ ಕೊನೆಯ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದರು. ಬ್ರೇಕಿನ ಪೆಡಲಿಗೆ ಒಂದು ಕಬ್ಬಿಣದ ಸರಳು, ಅದರ ತುದಿಗೆ ಸೈಕಲ್ಲಿನ ಬ್ರೇಕ್ ಹಿಡಿ, ಅಲ್ಲಿಂದ ಆಕ್ಸಿಲರೇಟರಿಗೆ ಸೈಕಲ್ಲಿನದೇ ಕೇಬಲ್ಲು. ಎಡಗೈಯಿಂದ ಸರಳನ್ನು ಮುಂದಕ್ಕೆ ತಳ್ಳಿದರೆ ಬ್ರೇಕು, ಹಿಡಿಯನ್ನು ಹಿಸುಕಿದರೆ ಓಟ. ಕೇಬಲ್ಲು ಸರಾಗವಾಗಿ ಆಡಲೆಂದು ಅದರ ಕೊಳವೆಯೊಳಗೆ ಕೊಬ್ಬರಿ ಎಣ್ಣೆ ಬಿಟ್ಟರು. ಊರೆಲ್ಲ ಕೊಬ್ಬರಿ ಮಂಡಿ, ಹೊಲಿಗೆ ಮಷಿನ್ನಿಗೂ ಅದೇ ಎಣ್ಣೆ, ಬಾಗಿಲ ಕೀಲಿಗೂ ಅದೇ. ಯಾರಿಗೂ ಅದರಲ್ಲಿ ಏನೂ ಅನ್ನಿಸಲಿಲ್ಲ. ಕಾಲೇಜಿನ ಹಿಂದಿನ ಬಯಲಿನಲ್ಲಿ ಮಧ್ಯಾಹ್ನಗಳಲ್ಲಿ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿತರು. ಲೈಸೆನ್ಸು ಕೊನೆಗೂ ಸಿಕ್ಕಿತೋ ಇಲ್ಲವೋ, ನನಗೆ ಖಚಿತವಿಲ್ಲ.

ಒಂದು ಜನವರಿಯ ನಸುಕಿನಲ್ಲಿ ಹಳೇಬೀಡಿಗೆ ಹೊರಟೆವು. ಅಕ್ಕ ಸ್ಟೀರಿಂಗಿನ ಮುಂದೆ, ತಮ್ಮ ಪಕ್ಕದಲ್ಲಿ, ನಾನು ಹಿಂದೆ, ಅವರು ಹೊಲಿದ ಸೀಟಿನ ಮೇಲೆ. ಹಿಡಿ ಬಿಗಿಯಾಗಿತ್ತು. "ಚಳಿಗೆ ಅದಕ್ಕೂ ಮೈ ಜಡ" ಎಂದು ಅಕ್ಕ ಇನ್ನಷ್ಟು ಒತ್ತಿ ಹಿಸುಕಿದರು. ಜಾವಗಲ್ ದಾಟಿ ಒಂದು ಏರು ಹತ್ತಿತು ಕಾರು. ಏರು ಮುಗಿಯಿತು. ಅಕ್ಕ ಹಿಡಿ ಬಿಟ್ಟರು, ಓಟ ನಿಲ್ಲಲಿಲ್ಲ. ಇಳಿಜಾರಿನಲ್ಲಿ ಇಂಜಿನ್ನು ಕೂಗಿಕೊಂಡು ನುಗ್ಗತೊಡಗಿತು. ಎದುರಿಗೆ ರಾಗಿ ಹುಲ್ಲು ಹೇರಿದ ಗಾಡಿಯೊಂದು ಬರುತ್ತಿತ್ತು. ತಮ್ಮ "ಅಕ್ಕಾ ಅಕ್ಕಾ" ಎಂದು ಕಿರುಚಿ ಸ್ಟೀರಿಂಗಿಗೆ ಕೈ ಹಾಕಲು ಬಂದರು.

"ಕೈ ತೆಗಿಯೋ!"

ಹಾಗಂದು ಅಕ್ಕ ಕೀಲಿ ತಿರುಗಿಸಿ ಇಂಜಿನ್ ಆರಿಸಿದರು. ಸರಳಿನ ಮೇಲೆ ಮೈಯೆಲ್ಲ ಹೇರಿ ಬ್ರೇಕು ಒತ್ತಿದರು. ಕಾರು ರಸ್ತೆ ಬಿಟ್ಟು ಇಳಿದು ಒಂದು ಹುಣಸೆಮರದ ಕೆಳಗೆ ನಿಂತಿತು. ಗಾಡಿಯವನು ಎತ್ತುಗಳನ್ನು ನಿಲ್ಲಿಸದೆ ನಮ್ಮನ್ನು ನೋಡುತ್ತಲೇ ದಾಟಿಹೋದ.

"ಸಾಕು. ನಾಳೆನೇ ಮಾರ್‌ಬಿಡ್ತೀನಿ ಇದನ್ನ" ಎಂದರು ತಮ್ಮ. ಚಹಾ ಹುಡುಕಿಕೊಂಡು ಬರುತ್ತೇನೆಂದು ಬಾಗಿಲು ಬಡಿದು ನಡೆದುಹೋದರು. ಅಳುತ್ತಿದ್ದರು ಎಂದು ಈಗ ಅನ್ನಿಸುತ್ತದೆ, ಆಗ ಹಾಗೆ ಕಂಡಿತ್ತೋ ಇಲ್ಲವೋ ತಿಳಿಯದು.

ನಾವಿಬ್ಬರೇ ಉಳಿದೆವು. ಸೂರ್ಯ ತೆಂಗಿನ ತೋಟದ ಮೇಲೆ ಬಂದು, ಗಾಜಿನೊಳಗೆ ಬಿಸಿಲು ಬಿದ್ದು, ಅಕ್ಕನ ಮಡಿಲು ಬೆಚ್ಚಗಾಯಿತು. ಆಗ ಹಿಡಿ ತಾನಾಗಿಯೇ ಟಿಕ್ ಎಂದು ಹಿಂದಕ್ಕೆ ಬಂತು. ಅಕ್ಕ ಕೇಬಲ್ಲಿನ ತುದಿಯನ್ನು ಬೆರಳಿನಿಂದ ಒರೆಸಿ ಮೂಸಿ ನೋಡಿದರು. ಜೋರಾಗಿ ನಗತೊಡಗಿದರು.

"ಅಯ್ಯೋ ನನ್ ಬುದ್ಧಿಗಿಷ್ಟು! ಬೆಳಗ್ಗೆ ತಲೆಗೆ ಹಚ್ಚೋ ಬಾಟ್ಲಿನ ಒಲೆ ಪಕ್ಕ ಕರಗೋಕಿಟ್ಟು ಬಂದಿದೀನಿ ಕಣೇ. ಇದ್ರೊಳಗೆ ಗಟ್ಟಿಯಾದ ಎಣ್ಣೆನ ಯಾವ ಒಲೆ ಮುಂದೆ ಇಡ್ಲಿ?"

ನಾನೂ ನಕ್ಕೆ. ನಕ್ಕು ಸುಸ್ತಾದ ಮೇಲೆ ಅವರು ಮುಂದೆ ನೋಡುತ್ತ ಕೂತರು. ಆಮೇಲೆ ಹೇಳಿದರು, "ಬೀದಿಯೋರೆಲ್ಲ ನನ್ನ ಪಾಪ ಒಂಟಿ, ಒಂಟಿ ಅಂತಾರೆ. ಒಂಟಿಯಾಗಿ ನಾನು ಗೇಟಿನಾಚೆಗೂ ಹೋಗಿಲ್ಲ ಕಣೇ. ಯಾರಾದ್ರೂ ಎತ್ಬೇಕು, ಯಾರಾದ್ರೂ ಕಾಯ್ಬೇಕು. ಒಂದಿನ ಎಲ್ಲಿಗಾದ್ರೂ ಹೋಗಿ ಸುಮ್ನೆ ಇದ್ದು ಬರ್ಬೇಕು. ನಾನು, ನನ್ ಕಾರು."

"ಮುಂದಿನ ಸಲ ನಾವಿಬ್ಬರೇ ಬರೋಣ ಅಕ್ಕ" ಅಂದೆ.

ಅವರು ಕನ್ನಡಿಯಲ್ಲಿ ನನ್ನನ್ನು ನೋಡಿದರು. "ಇಬ್ರು ಅಂದ್ರೆ ಒಬ್ಳು ಆಗ್ತದಾ?" ಅಂದರು. ತಮಾಷೆಯ ದನಿಯೇ ಇತ್ತು ಅದು.

ಆ ದಿನ ಹಳೇಬೀಡಿಗೆ ಹೋದೆವು. ಕಾರಿನಿಂದ ಇಳಿಯದೆ ಕೆರೆ ನೋಡಿ ಬಂದೆವು. ಮಾರನೆಯ ದಿನದಿಂದ ಮನೆಯಲ್ಲಿ ಜಗಳ. ನಡುಗೋಡೆಯಾಚೆಗೆ ಕೇಳಿಸುತ್ತಿತ್ತು. "ಆ ಗಾಡಿಗೆ ಗುದ್ದಿದ್ರೆ?" ಎನ್ನುತ್ತಿದ್ದರು ತಮ್ಮ. "ಗುದ್ಲಿಲ್ವಲ್ಲ. ನಿಲ್ಸಿದ್ದು ಯಾರು, ನೀನಾ?" ಎನ್ನುತ್ತಿದ್ದರು ಅಕ್ಕ. ಅಕ್ಕ ಕೇಬಲ್ಲನ್ನು ಸೀಮೆಎಣ್ಣೆಯಲ್ಲಿ ತೊಳೆದು, ಮಷಿನ್ ಎಣ್ಣೆ ಹಾಕಿ, ನಸುಕಿನ ಚಳಿಯಲ್ಲೇ ದಿನಾ ಹಿಸುಕಿ ಬಿಟ್ಟು ನೋಡುತ್ತಿದ್ದರು. ಹಿಡಿ ಹಿಂದಕ್ಕೆ ಬರುವ ಶಬ್ದಕ್ಕೆ ನನಗೆ ಎಚ್ಚರವಾಗುತ್ತಿತ್ತು.

ಚಳಿ ಕಳೆದ ಮೇಲೆ, ಶಿವರಾತ್ರಿ ಆದ ಹೊಸದರಲ್ಲಿ, ಒಂದು ಬೆಳಗ್ಗೆ ಕಾರು ಸ್ಟಾರ್ಟಾಯಿತು. ಹೊರಗೆ ಬಂದೆ. ತಮ್ಮ ಗೇಟು ತೆರೆದು ಹಿಡಿದು ನಿಂತಿದ್ದರು, ಮುಖ ಬೇರೆ ಕಡೆ ತಿರುಗಿಸಿಕೊಂಡು. ಪಕ್ಕದ ಸೀಟಿನಲ್ಲಿ ಚಕ್ರದ ಹಲಗೆ, ನೀರಿನ ಬಾಟಲಿ, ಬುತ್ತಿ. ನಾನು ಅಂದು ರಜೆ ಹಾಕಬಹುದು ಎಂದು ಯೋಚಿಸುತ್ತಿದ್ದೆ, ಚಪ್ಪಲಿ ಕೂಡ ಮೆಟ್ಟಿಕೊಂಡಿದ್ದೆ.

"ಬತ್ತೀನಿ ಕಣೇ" ಎಂದರು ಅಕ್ಕ. ಹಡಗು ಬೀದಿಯ ತಿರುವಿನಲ್ಲಿ ನಿಧಾನವಾಗಿ ಮರೆಯಾಯಿತು.

ಖಾಲಿ ಚಪ್ಪರದ ಕೆಳಗೆ ಪೇಪರು ಹಾಗೇ ಬಿದ್ದಿತ್ತು. ಬಗ್ಗಿ ನೋಡಿದೆ. ಕೆಂಪಿಲ್ಲ, ಕಪ್ಪಿಲ್ಲ, ಎಲ್ಲೂ ಒಂದು ತೊಟ್ಟಿಲ್ಲ. ಅಷ್ಟು ದಿನ ಆ ಕಾರು ಪೂರ್ತಿ ಸರಿಹೋಗಲೆಂದು ನಾನೂ ಬಯಸಿದ್ದೆ. ಸರಿಹೋಗಿತ್ತು. ಟಾರ್ಚು ಹಿಡಿಯುವವರು ಇನ್ನು ಬೇಕಾಗಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅವರು ಬಂದರು. ನಾನೂ ತಮ್ಮನೂ ಜಗಲಿಯ ಎರಡು ತುದಿಯಲ್ಲಿ ಕೂತಿದ್ದೆವು. "ಎಲ್ಲಿಗೆ ಹೋಗಿದ್ರಿ ಅಕ್ಕ?" ಎಂದು ಕೇಳಿದೆ.

"ಹೋಗಿದ್ದೆ" ಎಂದರು. ಕೂದಲು ಗಾಳಿಗೆ ಕೆದರಿತ್ತು. ಹಲಗೆಯ ಮೇಲೆ ಇಳಿದು, "ಪೇಪರ್ ಹಾಸು" ಎಂದು ಒಳಗೆ ಜಾರಿಹೋದರು. ತಮ್ಮನಿಗೆ ಆಮೇಲೆ ಹೇಳುತ್ತಾರೆ, ಒಡಹುಟ್ಟಿದವರಲ್ಲವೆ ಎಂದುಕೊಂಡು ನಾನು ಮತ್ತೆ ಕೇಳಲಿಲ್ಲ.

ಬೇಸಿಗೆ ಮುಗಿಯುವಷ್ಟರಲ್ಲಿ ನನಗೆ ಹಾಸನದಲ್ಲಿ ಕೆಲಸ ಸಿಕ್ಕಿತು. ಹಬ್ಬಕ್ಕೊಂದು ಕಾಗದ ಎಂದಿದ್ದೆವು. ಎರಡು ಹಬ್ಬಕ್ಕೆ ನಡೆಯಿತೋ ಏನೋ...

ಎಷ್ಟೋ ವರ್ಷಗಳ ಮೇಲೆ, ಅರಸೀಕೆರೆಯಲ್ಲಿ ರೈಲು ಬದಲಿಸುತ್ತಿದ್ದಾಗ, ಪ್ಲಾಟ್‌ಫಾರಮ್ಮಿನ ಬೆಂಚಿನಲ್ಲಿ ಕೂತಿದ್ದ ಅವರ ತಮ್ಮ ನನ್ನನ್ನು ಗುರುತಿಸಿದರು. ನಿವೃತ್ತರಾಗಿದ್ದರು. ಸಂಜೆ ಸುಮ್ಮನೆ ಇಲ್ಲಿ ಬಂದು ಕೂರುತ್ತೇನೆ ಎಂದರು.

"ಅಕ್ಕ ಹೋಗ್‌ಬಿಟ್ಟಳು ಮೇಡಂ. ಹೋದ ಮಳೆಗಾಲದಲ್ಲಿ. ಜ್ವರ ಅಂತ ಮಲಗಿದ್ದು, ಏಳಲೇ ಇಲ್ಲ."

ಕಾರಿನ ವಿಷಯ ಕೇಳಿದೆ.

"ಚಪ್ಪರದಾಗೇ ಐತೆ. ಅವಳಿಲ್ದೆ ಸ್ಟಾರ್ಟೇ ಆಗಲ್ಲ. ಪ್ರತಿ ವರ್ಷ ಚಳಿ ಕಳೀತಿದ್ದಂಗೆ ಒಂದಿನ ಒಬ್ಳೇ ಹೋಗ್ಬರೋಳು ಮೇಡಂ. ಎಲ್ಲಿಗೆ ಅಂತ ಒಂದ್ಸಲನೂ ಬಾಯಿ ಬಿಡ್ಲಿಲ್ಲ." ಅವರು ನನ್ನ ಮುಖ ನೋಡಿದರು. "ನಿಮ್ಗೆ ಹೇಳಿರ್ತಾಳೆ ಅಂದ್ಕೊಂಡಿದ್ದೆ. ನಿಮ್ಮತ್ರ ಎಲ್ಲ ಮಾತಾಡೋಳಲ್ವ?"

"ಇಲ್ಲ. ನಿಮಗೆ ಹೇಳಿರ್ತಾರೆ ಅಂತ ನಾನು..."

ನನ್ನ ರೈಲು ಬಂತು. ಕಿಟಕಿಯ ಹತ್ತಿರ ಬಂದು ಇನ್ನೇನೋ ಕೇಳುವವರಂತೆ ನಿಂತಿದ್ದರು. ರೈಲು ಹೊರಟಿತು.

ನನ್ನ ನೆನಪಿನಲ್ಲಿ ಅಕ್ಕ, ಒಬ್ಬರೇ ಹೋದ ಆ ದಿನ, ಹಳೇಬೀಡಿನ ಕೆರೆಯ ದಂಡೆಯಲ್ಲಿ ಕಾರು ನಿಲ್ಲಿಸಿ, ಗಾಜು ಇಳಿಸಿ, ಮೊಸರನ್ನ ತಿನ್ನುತ್ತ ನೀರು ನೋಡುತ್ತ ಕೂತಿದ್ದಾರೆ. ಬಹಳ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಕಾರನ್ನು ಅಲ್ಲಿ ನಿಲ್ಲಿಸಿದವಳು ನಾನು. ಅವರು ಬೇಲೂರು ದಾಟಿ ಆ ಎಸ್ಟೇಟಿನವರೆಗೂ ಹೋಗಿರಬಹುದು. ಕಣಕಟ್ಟೆಯ ಕಡೆ ಯಾವುದೋ ತೋಟದ ನೆರಳಿನಲ್ಲಿ ದಿನ ಕಳೆದಿರಬಹುದು. ಹಿಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಯಾರೂ ಇರಬಾರದೆಂದೇ ಅವರು ಹೋದದ್ದು. ನಾನು ಇಷ್ಟು ವರ್ಷಗಳಿಂದ ಆ ಸೀಟಿನಲ್ಲಿ ಹೋಗಿ ಕೂರಲು ನೋಡುತ್ತಲೇ ಇದ್ದೇನೆ.

ಕಾಂಪೌಂಡಿನ ಮೇಲಿನ ಎಣ್ಣೆ ಕರಗಿದೆ. ನಡುವಿನಲ್ಲಿ ಮಾತ್ರ ಒಂದು ಬಿಳಿಯ ಗಡ್ಡೆ ತೇಲುತ್ತಿದೆ. ಪಕ್ಕದ ಮನೆಯವರ ಸ್ಕೂಟರು ಹೊರಟುಹೋಗಿದೆ. ಇನ್ನೂ ಸ್ವಲ್ಪ ಹೊತ್ತು ಇಲ್ಲೇ ನಿಂತಿರುತ್ತೇನೆ.